ಮುಳ್ಳಕ್ಕ ಬಿಟ್ಟುಕೊಡದ ಎರೆಹೊಲ

ಒಂದು ಕಾಡಿನಲ್ಲಿ ಒಂದೇ ಒಂದು ಕಟ್ಟಳೆ ಇತ್ತು: ಮನೆ ಕಲ್ಲಿನ ಮೇಲೆ, ಬೆಳೆ ಮಣ್ಣಿನ ಮೇಲೆ. ಎಲ್ಲರಿಗೂ ಅದು ಬಾಯಿಪಾಠವಾಗಿತ್ತು. ಆದರೂ ಒಬ್ಬಳನ್ನು ಬಿಟ್ಟು ಎಲ್ಲರೂ ಅದನ್ನು ಮುರಿದರು.

ಮೇಲೆ ಕಲ್ಲುಗುಡ್ಡ, ಅಲ್ಲಿ ಪ್ರಾಣಿಗಳ ಗುಹೆಗಳು. ಕೆಳಗೆ ಹಳ್ಳದ ದಂಡೆಯಲ್ಲಿ ಕಪ್ಪು ಎರೆಹೊಲ. ಬಿತ್ತನೆ ಬಂದರೆ ಎಲ್ಲರೂ ಮುಯ್ಯಿಗೆ ಇಳಿಯುತ್ತಿದ್ದರು. ಇಂದು ಕರಡಿಯ ಹೊಲಕ್ಕೆ ಎಲ್ಲರ ಕೈ, ನಾಳೆ ಮೊಲದ ಹೊಲಕ್ಕೆ ಎಲ್ಲರ ಕೈ. ಕೂಲಿ ಇಲ್ಲ. ನಮ್ಮ ಹೊಲಕ್ಕೆ ಬಂದವರ ಹೊಲಕ್ಕೆ ನಾವು ಹೋಗಬೇಕು, ಅಷ್ಟೆ. ಜೋಳ, ಕಡಲೆ ಹುಲುಸಾಗಿ ಬೆಳೆಯುತ್ತಿದ್ದವು. ಮಿಕ್ಕಿದ ಕಾಳಿನಲ್ಲಿ ಸೋಮಾರಿ ನರಿಯ ಹೊಟ್ಟೆಯೂ ತುಂಬುತ್ತಿತ್ತು.

ನರಿಗೆ ಗುಹೆ ಇರಲಿಲ್ಲ. ಒಂದು ಬೇಸಿಗೆಯಲ್ಲಿ ಅದು ಕರಡಿಯ ಬಳಿ ಬಂತು.

“ಕರಡಿಮಾವ, ಗುಡ್ಡ ಹತ್ತಿ ಇಳಿದು ನಿಮ್ಮ ಮೊಣಕಾಲು ಸವೆದುಹೋಯಿತಲ್ಲ! ಹೊಲದಲ್ಲೇ ಮನೆ ಕಟ್ಟಬಾರದೇ? ಬಾಗಿಲಲ್ಲೇ ನೀರು, ಬೆಣ್ಣೆಯಂಥ ಮಣ್ಣು.”

“ಮತ್ತೆ ಕಾಳು?”

“ನಿಮ್ಮದೊಂದು ಮನೆಯಿಂದ ಹೊಲ ಮುಗಿದುಹೋಗುತ್ತದೆಯೇ? ಉಳಿದವರು ಬೆಳೀತಾರೆ ಬಿಡಿ. ಗುಹೆಗೆ ಹಾವು ಸೇರದ ಹಾಗೆ ನಾನೇ ಇದ್ದು ನೋಡ್ಕೋತೀನಿ.”

ಮೊಲಕ್ಕೂ ಅದೇ ಮಾತು, ಕಾಡುಹಂದಿಗೂ ಅದೇ ಮಾತು. ಪ್ರತಿಯೊಬ್ಬರೂ ‘ನನ್ನದೊಂದೇ ತಾನೆ’ ಎಂದುಕೊಂಡರು. ಹೊಲದ ತುಂಬ ಮನೆಗಳೆದ್ದವು. ಗುಡ್ಡದ ಗುಹೆಗಳೆಲ್ಲ ನರಿಯ ಪಾಲಾದವು.

ಒಪ್ಪದವಳು ಮುಳ್ಳುಹಂದಿ ಮುಳ್ಳಕ್ಕ ಒಬ್ಬಳೇ. ಅವಳು ಗುಹೆ ಬಿಡಲಿಲ್ಲ, ಹೊಲವನ್ನೂ ಬಿಡಲಿಲ್ಲ.

“ನಿಮ್ಮ ಹೊಲ ಅಡ್ಡ ಬಂದು ಈ ಮನೆಗಳ ಬೀದಿಯೇ ಸೊಟ್ಟಗಾಗಿದೆ, ಮುಳ್ಳಕ್ಕ!” ಎಂದು ನರಿ ಹಂಗಿಸಿತು.

“ಬೀದಿ ಸೊಟ್ಟಗಿದ್ದರೆ ಇರಲಿ ಕಣೋ. ನನ್ನ ಸಾಲು ನೆಟ್ಟಗಿದೆ.”

ಮಳೆ ಬಂತು. ಎರೆಮಣ್ಣು ನೀರು ಕುಡಿದು ಉಬ್ಬಿತು. ಬಾಗಿಲು ಬಿಗಿದು ಕರಡಿ ಒಳಗೇ ಉಳಿಯಿತು. ಕಿಟಕಿಯಲ್ಲಿ ತೂರಲು ಹೋಗಿ ಹೊಟ್ಟೆ ಸಿಕ್ಕಿಕೊಂಡು, “ಎಳೀರೋ!” ಎಂದು ಕೂಗಿತು.

ಬಿತ್ತನೆಯ ಹದ ಬಂದಾಗ ಮುಳ್ಳಕ್ಕ ಮನೆಮನೆಗೂ ಹೋಗಿ ಮುಯ್ಯಿಗೆ ಕರೆದಳು. “ಗೋಡೆ ವಾಲಿದೆ, ಆಮೇಲೆ ನೋಡೋಣ” ಎಂದರು. ಒಬ್ಬರೂ ಬರಲಿಲ್ಲ. ಅವಳು ಒಬ್ಬಳೇ ಬಿತ್ತಿದಳು, ಒಬ್ಬಳೇ ಕೊಯ್ದಳು.

ಬೇಸಿಗೆ ಬಂತು. ಉಬ್ಬಿದ್ದ ಮಣ್ಣು ಈಗ ಬಿರಿಯಿತು. ಮೊಲ ತನ್ನ ಅಡುಗೆಮನೆಯ ಬಿರುಕಿನಲ್ಲೇ ಬಿದ್ದಿತು. ಆ ಅಡುಗೆಮನೆಯಲ್ಲಿ ಅಡುಗೆಯೂ ಇರಲಿಲ್ಲ. ಹಳೆಯ ಕಾಳು ಮುಗಿದಿತ್ತು, ಹೊಸದನ್ನು ಮುಳ್ಳಕ್ಕನ ಹೊರತು ಯಾರೂ ಬೆಳೆದಿರಲಿಲ್ಲ.

ಎಲ್ಲರೂ ಗುಡ್ಡಕ್ಕೆ ಓಡಿದರು. ಗುಹೆಗಳ ಬಾಯಿಗೆ ನರಿ ಮುಳ್ಳಿನ ಬೇಲಿ ಇಟ್ಟಿತ್ತು. “ಬಿಟ್ಟುಹೋದ ಮನೆ ಇದ್ದವನದು!” ಎಂದಿತು.

ಆದರೆ ನರಿಗೆ ಮಿಕ್ಕಿದ ಕಾಳು ಕೊಡುವವರು ಯಾರು? ಯಾವ ಗುಹೆಯಲ್ಲಿ ಮಲಗಿದರೂ ಅದರ ಹೊಟ್ಟೆಯ ಗುರುಗುಟ್ಟುವಿಕೆಯೇ ಗೋಡೆಗೆ ತಾಗಿ ಮರಳಿ ಕೇಳುತ್ತಿತ್ತು. ಕೊನೆಗೆ ಅದು ಮುಳ್ಳಕ್ಕನ ಬಾಗಿಲಿಗೆ ಬಂತು.

“ಎಲ್ಲಕ್ಕಿಂತ ದೊಡ್ಡ ಗುಹೆ ನಿಮಗೇ ಇರಲಿ ಅಕ್ಕಾ. ಒಂದು ಬೊಗಸೆ ಕಡಲೆ ಕೊಡಿ.”

“ಗುಹೆ ನನಗಿದೆ. ಅವರವರ ಗುಹೆ ಅವರವರಿಗೆ ಬಿಡು. ಹೊಲದ ಮನೆಗಳನ್ನು ಕೆಡವಲು ಕೈ ಹಾಕು. ದುಡಿದವರಿಗೆಲ್ಲ ನನ್ನಲ್ಲಿ ಊಟ.”

ನರಿ ತಾನಿಟ್ಟ ಮುಳ್ಳನ್ನು ತಾನೇ ಬಾಯಿಂದ ಕಿತ್ತಿತು. ಪ್ರತಿ ಮುಳ್ಳಿಗೂ “ಅಯ್ಯಯ್ಯೋ!” ಎಂದಿತು. ಮೊಲ ನಕ್ಕು ನಕ್ಕು ಉರುಳಾಡಿತು. ಎಲ್ಲರೂ ಸೇರಿ ಮನೆಗಳನ್ನು ಕಿತ್ತು ಕಲ್ಲುಗಳನ್ನು ಗುಡ್ಡಕ್ಕೆ ಹೊತ್ತರು.

ಮತ್ತೆ ಬಿತ್ತನೆಯ ಹದ ಬಂತು. ಎಲ್ಲರೂ ಹೊಲದ ಬದುವಿನ ಮೇಲೆ ತಲೆ ತಗ್ಗಿಸಿ ನಿಂತರು.

“ನಿನ್ನ ಮುಯ್ಯಿಗೆ ನಾವು ಬರಲಿಲ್ಲ, ಮುಳ್ಳಕ್ಕ. ನಮ್ಮ ಹೊಲಕ್ಕೆ ಬಾ ಅಂತ ಯಾವ ಬಾಯಲ್ಲಿ ಕರೆಯೋಣ?” ಎಂದಿತು ಕರಡಿ.

ಮುಳ್ಳಕ್ಕ ಬೀಜದ ಚೀಲವನ್ನು ಸೊಂಟಕ್ಕೆ ಬಿಗಿದಳು. ಕರಡಿಯ ಹಳೆಯ ಹೊಸ್ತಿಲಿದ್ದ ಜಾಗಕ್ಕೆ ನಡೆದಳು. ಬೆನ್ನಿನ ಮುಳ್ಳು ಕೆದರಿ, ಹಸಿ ಮಣ್ಣಿಗೆ ಊರಿ, ಮೊದಲ ಸಾಲನ್ನು ನೆಟ್ಟಗೆ ಎಳೆದಳು.

ನೀತಿ: ಮನೆಗೆ ಬೇರೆ ಜಾಗ ಸಿಗುತ್ತದೆ, ಅನ್ನ ಕೊಡುವ ಮಣ್ಣಿಗೆ ಬದಲಿ ಇಲ್ಲ. ‘ನನ್ನದೊಂದೇ’ ಎನ್ನುವವರೆಲ್ಲ ಸೇರಿದರೆ ಹೊಲವೇ ಉಳಿಯುವುದಿಲ್ಲ.