ಚೆಲುವಿಯ ಹೆಪ್ಪು

ಒಂದೂರಿತ್ತಂತೆ. ಎಷ್ಟು ದೊಡ್ಡ ಊರು ಅಂತೀರಾ? ಮೊದಲನೇ ಮನೆಯಲ್ಲಿ ಒಗ್ಗರಣೆ ಹಾಕಿದರೆ ಕಡೇ ಮನೆಯವರು ಸೀನಬೇಕು, ಅಷ್ಟು. ಆ ಊರಲ್ಲಿ ಸಿದ್ದವ್ವ ಅಂತ ಒಬ್ಬಳು. ಗಂಡ ಮೊದಲೇ ಹೋಗಿದ್ದ, ಇದ್ದೊಬ್ಬ ಮಗಳು ಚೆಲುವಿ. ಚೆಲುವಿ ಹಾಕಿದ ಮೊಸರು ಗಡಿಗೆ ಬೋರಲು ಹಾಕಿದರೂ ಬೀಳದು, ಅಂಥ ಕೈಗುಣ. ಆ ಹುಡುಗಿ ಜ್ವರ ಬಂದು ತೀರಿಕೊಂಡಳಂತೆ.

ಸೂತಕ ಕಳೆಯೋ ದಿನ ನೆಂಟರು ಬಂದರು. ಸಾವಾದ ಮನೆಯಲ್ಲಿ ಹಳೇ ಮಣ್ಣಿನ ಗಡಿಗೆ ಇಟ್ಟುಕೊಳ್ಳಬಾರದು ಅನ್ನೋದು ಪದ್ಧತಿ. ಎಲ್ಲವನ್ನೂ ಹೊರಗೊಯ್ದು ಒಡೆದರು. ಚೆಲುವಿ ಕಡೇ ಸಲ ಹೆಪ್ಪು ಹಾಕಿಟ್ಟ ಮೊಸರಿನ ಗಡಿಗೆಯೂ ಅದರಲ್ಲೇ ಹೋಯಿತು. ಅವರೇನು ಬೇಕಂತ ಮಾಡಿದರಾ, ಪಾಪ. ಸಿದ್ದವ್ವ ಮಾತ್ರ ಆ ಹೋಳುಗಳನ್ನ ನೋಡಿ, "ನನ್ನ ಮಗಳ ಕೈಯ ಮೊಸರೂ ಹೋಯ್ತು. ಇನ್ನು ನನಗೆ ತುತ್ತು ಇಳಿಯಾಕಿಲ್ಲ" ಅಂದು ಮೂಲೆ ಹಿಡಿದಳು.

ನೆಂಟರು ಸಿದ್ದವ್ವನ ತಂಗಿಯ ಮಗಳು ನಿಂಗಿಯನ್ನ ಅವಳ ಜೊತೆಗೆ ಬಿಟ್ಟು ಹೋದರು. ನಿಂಗಿಗೆ ಎಮ್ಮೆ ಹಾಲು ಕರೆದು ಅಂಬಲಿ ಕಾಯಿಸುವಷ್ಟು ವಯಸ್ಸು. ಅಂಬಲಿ ಕೊಟ್ಟರೆ "ಬೇಡ ಕೂಸೇ" ಅನ್ನೋಳು ದೊಡ್ಡವ್ವ. ಅನ್ನ ಕೊಟ್ಟರೆ "ಬೇಡ ಕೂಸೇ." ಹಾಲು ಕೊಟ್ಟರೂ "ಬೇಡ ಕೂಸೇ." ಬರಬರುತ್ತ ದೊಡ್ಡವ್ವ ಏಳೋದನ್ನೇ ಬಿಟ್ಟಳು. ಇವಳೂ ಚೆಲುವಕ್ಕನ ಹಿಂದೆಯೇ ಹೋಗಿಬಿಡ್ತಾಳೆ ಅಂತ ನಿಂಗಿಗೆ ದಿಗಿಲಾಯಿತು. ಕೊಟ್ಟಿಗೆಗೆ ಹೋಗಿ ಎಮ್ಮೆಯ ಕೊರಳು ತಬ್ಬಿ ಅತ್ತಳಂತೆ.

ಎಮ್ಮೆ ಮೆಲುಕು ನಿಲ್ಲಿಸಿ, "ಅಳೋದ್ಯಾಕೆ? ಗಡಿಗೆ ಒಡೆದರೆ ಹೆಪ್ಪು ಸಾಯ್ತದಾ? ಊರೊಳಗೆ ಹೋಗಿ ಕೇಳು" ಅಂದಿತು. ಎಮ್ಮೆ ಮಾತಾಡ್ತದಾ ಅಂತ ಹಲ್ಲು ಕಿಸಿಯಬೇಡಿ. ಆಗಿನ ಎಮ್ಮೆಗಳಿಗೆ ಮಾತಾಡೋ ಪುರುಸೊತ್ತಿತ್ತು.

ನಿಂಗಿ ಬಟ್ಟಲು ಹಿಡಿದು ಕುಂಬಾರರ ಮನೆಗೆ ಹೋದಳು. "ನಿಮ್ಮ ಹೆಪ್ಪು ಯಾರದವ್ವ?"

"ನಮ್ಮದು ಕೆಟ್ಟಿತ್ತು ಮಗಾ, ಗಾಣಿಗರ ಮನೆಯಿಂದ ತಂದ್ವಿ."

ಗಾಣಿಗರ ಮನೆಗೆ ಹೋದಳು. "ನಿಮ್ಮ ಹೆಪ್ಪು ಯಾರದವ್ವ?"

"ನಮ್ಮದನ್ನ ಬೆಕ್ಕು ನೆಕ್ಕಿತ್ತು ಮಗಾ, ಕೆಂಚಜ್ಜಿ ಮನೆಯಿಂದ ತಂದ್ವಿ."

ಕೆಂಚಜ್ಜಿ ಮನೆ ಊರಾಚೆ. ಅಲ್ಲಿಗೆ ಹೋಗೋ ಹೊತ್ತಿಗೆ ದೀಪ ಹಚ್ಚಿಯಾಗಿತ್ತು. "ನಿಮ್ಮ ಹೆಪ್ಪು ಯಾರದಜ್ಜಿ?"

"ಇನ್ಯಾರದು? ನಿಮ್ಮ ಚೆಲುವೀದೇ. ನನ್ನೆಮ್ಮೆ ಕರು ಹಾಕಿದಾಗ ಅವಳೇ ತಂದು, ಕೈಯಾರೆ ನನ್ನ ಗಡಿಗೆಗೆ ಬಿಟ್ಟು ಹೋದಳು, ಪುಣ್ಯಾತ್ಗಿತ್ತಿ."

ನಿಂಗಿ ಬಟ್ಟಲು ಚಾಚಿದಳು. ಅಜ್ಜಿ ಹಿಂದೆ ಸರಿದಳು. "ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದು ಕಣಮ್ಮಿ. ಮನೆ ಲಕ್ಷ್ಮಿ ಹೊರಟೋಗ್ತಾಳೆ. ನಾಳೆ ಬಾ."

"ನಾಳೆಗೆ ದೊಡ್ಡವ್ವ ಇರ್ತಾಳೋ ಇಲ್ಲವೋ. ನೀನು ಕೊಡಬೇಡ ಅಜ್ಜಿ, ಅದನ್ನ ಅದರ ತವರಿಗೆ ಕಳಿಸು. ಅವ್ವ ಹಾಸಿಗೆ ಹಿಡಿದಾಗ ಮಗಳನ್ನ ಕಳಿಸೋಕೆ ಹೊತ್ತು ನೋಡ್ತಾರಾ?"

ಅಜ್ಜಿ ಕಣ್ಣೊರೆಸಿಕೊಂಡು ಬಟ್ಟಲಿಗೆ ಮೊಸರು ಹಾಕಿ, ಮಗಳನ್ನ ಕಳಿಸುವಾಗ ಹಚ್ಚೋ ಹಾಗೆ ಬಟ್ಟಲಿನ ಅಂಚಿಗೆ ಅರಿಶಿನ ಕುಂಕುಮ ಹಚ್ಚಿ ಕಳಿಸಿದಳಂತೆ.

ನಿಂಗಿ ಮನೆಗೆ ಬಂದು ಹಾಲು ಕಾಯಿಸಿ, ಹೆಪ್ಪು ಹಾಕಿ, ಒಲೆ ಪಕ್ಕ ಇಟ್ಟಳು. ಬೆಳಗಾಗುತ್ತಲೇ ದೊಡ್ಡವ್ವನ ಮುಂದೆ ತಂದಳು.

"ಬೇಡ ಕೂಸೇ."

"ಇದು ಚೆಲುವಕ್ಕನ ಹೆಪ್ಪು ದೊಡ್ಡವ್ವ. ಕೆಂಚಜ್ಜಿ ಮನೇಲಿತ್ತು. ಗಾಣಿಗರ ಮನೇಲೂ ಐತೆ, ಕುಂಬಾರರ ಮನೇಲೂ ಐತೆ."

ಸಿದ್ದವ್ವ ಎದ್ದು ಕೂತಳು. ಬೆರಳಲ್ಲಿ ಒಂಚೂರು ನೆಕ್ಕಿದಳು. ಅದೇ ರುಚಿ. ನಿಂಗಿಯನ್ನ ಬಾಚಿ ತಬ್ಬಿಕೊಂಡು, ಮಗಳು ಸತ್ತ ದಿನವೂ ಅಳದಷ್ಟು ಅತ್ತಳಂತೆ. ಆಮೇಲೆ ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡರು. ದೊಡ್ಡವ್ವ ಗಡಿಗೆ ಬಳಿಯೋಕೆ ಕೈ ಹಾಕಿದಾಗ ನಿಂಗಿ ತಡೆದಳು.

"ಪೂರಾ ಬಳಿಯಬೇಡ. ನಾಳೆಗೆ ಹೆಪ್ಪು ಬೇಕು."

"ಹೌದಲ್ಲ, ನಾಳೆಗೆ ಬೇಕು" ಅಂದಳು ಸಿದ್ದವ್ವ. ಆ ಸಂಜೆ ತಾನೇ ಎದ್ದು ಹೆಪ್ಪು ಹಾಕಿದಳು.

ಅಲ್ಲಿಂದಾಚೆಗೆ ಯಾರು ಯಾವ ಹೊತ್ತಿಗೆ ಬಂದು ಕೇಳಿದರೂ ಸಿದ್ದವ್ವ ಹೆಪ್ಪು ಕೊಡೋಳಂತೆ, ದೀಪ ಹಚ್ಚಿದ ಮೇಲೂ. "ಲಕ್ಷ್ಮಿ ಹೊರಟೋಗ್ತಾಳಲ್ಲ ದೊಡ್ಡವ್ವ" ಅಂತ ನಿಂಗಿ ಕೆಣಕಿದರೆ, "ಹೋಗಲಿ ಬಿಡು. ಹತ್ತು ಮನೇಲಿದ್ದರೆ ಒಂದು ಮನೇಲಾದರೂ ಸಿಗ್ತಾಳೆ" ಅನ್ನೋಳಂತೆ.

ಅವರು ಅಲ್ಲಿ ಮೊಸರುಂಡು ತಂಪಾಗಿದ್ದಾರೆ. ನಾವು ಇಲ್ಲಿ ಮಜ್ಜಿಗೆ ಕುಡಿದು ಮಲಗೋಣ, ಏಳಿ.