ಓಂಕಾರ ಕಾದ ಗುಟ್ಟು

ಒಂದೂರಲ್ಲಿ ಒಬ್ಬ ತಾಯಿ, ಒಬ್ಬ ಮಗ. ತಾಯಿ ಸರ್ವಮಂಗಳಾ, ಪಾಲಿಟೆಕ್ನಿಕ್ಕಿನಲ್ಲಿ ಸೈಬರ್ ಭದ್ರತೆ ಕಲಿಸುವ ಮೇಡಂ. ಮಗ ಓಂಕಾರ, ಅವಳದೇ ಲ್ಯಾಬಿನಲ್ಲಿ ಸಹಾಯಕ. ಕೈ ಚುರುಕು, ತಲೆ ಖಾಲಿ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಾನೆ, ಅದೇ ಅವಳ ಕರ್ಮ!

ಪ್ರಿನ್ಸಿಪಾಲರು ಗುಡುಗಿದ್ದರು: "ಶನಿವಾರದ ಸ್ಪರ್ಧೇಲಿ ಹತ್ತು ಮಕ್ಕಳಾದ್ರೂ ಗೆಲ್ಲದಿದ್ರೆ, ನಿಮ್ಮ ಲ್ಯಾಬ್ ಮುಚ್ಚಿ ಜಿಮ್ ಮಾಡಿಸ್ತೀನಿ!" ಹನ್ನೆರಡು ವರ್ಷ ಕಟ್ಟಿದ ಲ್ಯಾಬು, ಜಿಮ್ಮಂತೆ!

ಸ್ಪರ್ಧೆ ಏನೆಂದರೆ, ದೊಡ್ಡ ಕಂಪ್ಯೂಟರಿನೊಳಗೆ ಕಂಟೇನರ್ ಅನ್ನೋ ಪುಟ್ಟ ಡಬ್ಬಿ, ಡಬ್ಬಿಯೊಳಗೆ ಒಂದು ಗುಟ್ಟಿನ ಪದ. ಮಕ್ಕಳು ಕಳ್ಳರ ಹಾಗೆ ನುಗ್ಗಿ ಪದ ತೆಗೆಯಬೇಕು. ಕಳ್ಳರ ದಾರಿ ತಿಳಿದರೆ ತಾನೇ ಕಾವಲು ತಿಳಿಯೋದು?

"ಡಬ್ಬಿ ಮಾಡೋ, ಗುಟ್ಟು ಭದ್ರವಾಗಿರಲಿ" ಅಂದಳು ತಾಯಿ. ಮಾಡಿದ. ಶನಿವಾರಕ್ಕೆ ಮುಂಚೆ ಅಭ್ಯಾಸಕ್ಕೆ ಕೂತ ಮಕ್ಕಳು ದಿನವಿಡೀ ತಡಕಾಡಿದರು. ಒಳಗೆ ಹೋಗಲು ಒಂದು ಸಂದಿಯೂ ಇಲ್ಲ!

"ಲೋ ಪೆದ್ದೇ! ದಾರೀನೇ ಇಲ್ವಲ್ಲೋ!"

"ಭದ್ರವಾಗಿರಲಿ ಅಂದ್ಯಲ್ಲಮ್ಮ!"

"ಬಾಗಿಲು ಬಿಡ್ಬೇಕು ಕಣೋ, ಬಾಗಿಲು!"

"ಹೂಂ, ಬಿಡ್ತೀನಿ."

ಬಿಟ್ಟ. ಡಬ್ಬಿಗಲ್ಲ, ಡಬ್ಬಿಗಳಿದ್ದ ದೊಡ್ಡ ಕಂಪ್ಯೂಟರಿಗೇ! ಮಧ್ಯಾಹ್ನದೊಳಗೆ ಮಕ್ಕಳು ಒಳಗೆ ನುಗ್ಗಿ ತಮ್ಮ ಹಾಜರಾತಿ ತಾವೇ ತಿದ್ದಿಕೊಂಡಿದ್ದರು.

"ಅಯ್ಯೋ ನಿನ್ನ! ಒಬ್ಬೊಬ್ರಿಗೂ ಬೇರೆ ಬೇರೆ ಡಬ್ಬಿ ಕೊಡು, ಬಾಗಿಲು ಅದಕ್ಕಿಡು! ಆಟ ಮುಗಿದ ಮೇಲೆ ಎಲ್ಲ ಅಳಿಸಿಹಾಕು!"

"ಹೂಂ, ಅಳಿಸ್ತೀನಿ."

ಅಳಿಸಿದ. ಡಬ್ಬಿಗಳ ಜೊತೆಗೆ ಗೆದ್ದವರ ಅಂಕವೂ ಹೋಯಿತು.

"ಥೂ! ಮಕ್ಕಳು ಕಷ್ಟಪಟ್ಟು ಕಂಡುಹಿಡಿದದ್ದಕ್ಕೆ ಬೆಲೆ ಬೇಡ್ವೇನೋ? ಬೋರ್ಡ್ ಮೇಲೆ ಎಲ್ರಿಗೂ ಕಾಣೋ ಹಾಗೆ ಹಾಕು!"

"ಹೂಂ, ಹಾಕ್ತೀನಿ."

ಶನಿವಾರ ಬಂತು. ಪ್ರಿನ್ಸಿಪಾಲರು ಎದುರಿಗೇ ಕೂತರು. ಮುಕ್ಕಾಲು ಗಂಟೆ ಯಾರಿಂದಲೂ ಆಗಲಿಲ್ಲ. ಕೊನೆಗೆ ನಸೀಮಾ ಅನ್ನೋ ಹುಡುಗಿ ಡಬ್ಬಿ ಒಡೆದು ಪದ ತೆಗೆದಳು. ತಕ್ಷಣ ಓಂಕಾರ ಆ ಪದವನ್ನೇ ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ಹಾಕಿಬಿಟ್ಟ! ಎಲ್ಲ ಡಬ್ಬಿಯಲ್ಲೂ ಇದ್ದದ್ದು ಅದೇ ಪದ. ಒಂದೇ ನಿಮಿಷ, ನಲವತ್ತು ಮಂದಿಯೂ ಅದನ್ನೇ ಬರೆದು ಗೆದ್ದರು.

"ಭೇಷ್!" ಪ್ರಿನ್ಸಿಪಾಲರು ಚಪ್ಪಾಳೆ ತಟ್ಟಿದರು. "ಲ್ಯಾಬ್ ಉಳೀತು ಮೇಡಂ!"

ನಸೀಮಾಳ ಕಣ್ಣು ಕೆಂಪಾಗಿತ್ತು. "ಬಿಡಿಸಿದ್ದು ನಾನೊಬ್ಳೇ ಮೇಡಂ!"

ಸರ್ವಮಂಗಳಾಗೆ ಮೈಯೆಲ್ಲ ಉರಿಯಿತು. ಲ್ಯಾಬ್ ಉಳಿದರೇನು, ಹೀಗಾ ಉಳಿಯೋದು? "ಸರ್, ಮಿಕ್ಕವರೆಲ್ಲ ನೋಡಿ ಬರೆದದ್ದು. ಗೆದ್ದವಳು ಇವಳೊಬ್ಳೇ!"

"ಸುಮ್ನಿರಿ ಮೇಡಂ, ನಲವತ್ತಕ್ಕೆ ನಲವತ್ತು! ನಿಮ್ಮ ಮಗ ಇಂದಿನಿಂದ ಪರೀಕ್ಷಾ ವಿಭಾಗಕ್ಕೆ! ಏನಪ್ಪಾ, ವಾರ್ಷಿಕ ಪರೀಕ್ಷೇಲೂ ಎಲ್ರೂ ಹೀಗೇ ಪಾಸಾಗ್ಬೇಕು, ತಿಳೀತಾ?"

"ಹೂಂ ಸರ್, ಹೀಗೇ."

ಸೋಮವಾರ ಕಾಲೇಜಿನ ಗೇಟಿನ ಮುಂದೆ ಜನವೋ ಜನ. ಪ್ರಿನ್ಸಿಪಾಲರು ನುಗ್ಗಿ ನೋಡಿದರು. ಐದೂ ವಿಷಯದ ಪ್ರಶ್ನೆಪತ್ರಿಕೆ, ಉತ್ತರ ಸಮೇತ, ಗೇಟಿಗೆ ಅಂಟಿಸಿದೆ! ಕೆಳಗೆ ಅವರದೇ ಮೊಹರು. ಪಕ್ಕದಲ್ಲಿ ಗೋಂದಿನ ಬಾಟಲಿ ಹಿಡಿದು ಓಂಕಾರ.

"ಸರ್, ಹಿಂದಿನ ಸಾಲಿನವರಿಗೂ ಕಾಣ್ಬೇಕಲ್ಲ," ಅಂದ, "ಇನ್ನೊಂದು ಪ್ರತಿ ಬಸ್ ಸ್ಟ್ಯಾಂಡಲ್ಲೂ ಅಂಟಿಸಿ ಬಂದೆ."