ನಿಂತಾಗ ನಡುಗುವ ಕಾರು

ಮಲಪ್ರಭೆಯ ದಂಡೆಯ ಆಶ್ರಮವೊಂದರಲ್ಲಿ ಹಳೆಯ ಪೆಟ್ರೋಲ್ ಕಾರಿತ್ತು. ಓಡುವಾಗ ಚೆನ್ನಾಗಿಯೇ ಓಡುತ್ತಿತ್ತು. ಗೇರು ತೆಗೆದು, ಇಂಜಿನ್ ಚಾಲೂ ಇಟ್ಟು ನಿಲ್ಲಿಸಿದರೆ ಮಾತ್ರ ಚಳಿಜ್ವರ ಬಂದವರ ಹಾಗೆ ಗಡಗಡ ನಡುಗುತ್ತಿತ್ತು.

ಅದನ್ನು ನೋಡಿಕೊಳ್ಳುವವನು ಶಿವಪುತ್ರ. ಆಶ್ರಮಕ್ಕೆ ಬರುವ ಮುಂಚೆ ಗ್ಯಾರೇಜಿನಲ್ಲಿ ದುಡಿದವನು. ಬಂದು ಎಷ್ಟೋ ವರ್ಷವಾಗಿತ್ತು, ದೀಕ್ಷೆ ಮಾತ್ರ ಸಿಕ್ಕಿರಲಿಲ್ಲ. ಅವನ ಕಣ್ಣೆದುರಿಗೇ ಬಂದವರು ಕಾವಿ ಉಟ್ಟು ಓಡಾಡುತ್ತಿದ್ದರು. ಇವನು ಗ್ರೀಸು ಮೆತ್ತಿದ ಅಂಗಿಯಲ್ಲೇ ಇದ್ದ. ಅದು ಅವನಿಗೆ ಒಳಗೊಳಗೇ ಉರಿ.

ಒಂದು ಬೆಳಿಗ್ಗೆ ಗುರುಗಳನ್ನು ಕೇಳಿಯೇ ಬಿಟ್ಟ. ಆ ಕಡೆಯವರೆಲ್ಲ ಅವರನ್ನು ಅಜ್ಜ ಎಂದೇ ಕರೆಯುವುದು.

"ಅಜ್ಜಾರ, ನನಗ ದೀಕ್ಷಾ ಯಾವಾಗ ಕೊಡ್ತೀರಿ?"

ಅಜ್ಜ ಕಾರಿನ ಕಡೆ ನೋಡಿದರು.

"ಅದರ ನಡುಕ ನಿಲ್ಲಸು. ಕೊಡ್ತೀನಿ."

ಇಷ್ಟೇನಾ ಎಂದುಕೊಂಡ ಶಿವಪುತ್ರ. ಪಾಪ, ಅಂದುಕೊಳ್ಳಲು ಏನು ಖರ್ಚು!

ಪ್ಲಗ್ಗು ಬಿಚ್ಚಿ ಉಜ್ಜಿ ಹಾಕಿದ. ನಡುಗಿತು. ಹೊಸ ಪ್ಲಗ್ಗೇ ತಂದು ಹಾಕಿದ. ನಡುಗಿತು. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್ ಬಿಚ್ಚಿ ತೊಳೆದ, ಇಂಜಿನ್ ಕೂರುವ ರಬ್ಬರುಗಳನ್ನು ಬದಲಿಸಿದ. ಆ ಹಾಳು ಕಾರು ಮೊದಲಿಗಿಂತ ಹುರುಪಿನಿಂದ ನಡುಗಿತು.

ಉಳಿದವರೆಲ್ಲ ಬೆಳಗಿನ ಮೌನಕ್ಕೆ ಕೂರುವಾಗಲೂ ಅವನು ಬಾನೆಟ್ಟಿನೊಳಗೆ ತಲೆ ಹಾಕಿರುತ್ತಿದ್ದ. ಮೌನಕ್ಕೆ ಬಾರೋ ಎಂದರೆ "ಗಾಡಿ ಕೆಲಸ ಐತ್ರಿ" ಎನ್ನುತ್ತಿದ್ದ. ನಿಜ ಹೇಳಬೇಕೆಂದರೆ ಅವನಿಗೆ ಸುಮ್ಮನೆ ಕೂರುವುದೆಂದರೇ ಆಗದು. ಕೈಗೆ ಕೆಲಸವಿಲ್ಲದಿದ್ದರೆ ತಲೆಯೊಳಗೆ ಹಳೆಯದೆಲ್ಲ ಎದ್ದು ಕೂರುತ್ತಿತ್ತು.

ಕೊನೆಗೆ ರೋಸಿಹೋಗಿ ಒಂದು ಉಪಾಯ ಹೂಡಿದ. ಕಾರು ನಿಂತಾಗ ಇಂಜಿನ್ ಎಷ್ಟು ಜೋರಾಗಿ ತಿರುಗಬೇಕು ಎಂಬುದಕ್ಕೆ ಒಂದು ಸ್ಕ್ರೂ ಇರುತ್ತದೆ. ಅದನ್ನು ತಿರುವಿ ಬಿಗಿ ಮಾಡಿದ. ಇಂಜಿನ್ ಭರ್ರೆಂದು ಜೋರಾಯಿತು. ನಡುಕ ಮಾಯವಾಯಿತು.

"ಅಜ್ಜಾರ, ಇಲ್ಲಿ ಬರ್ರಿ, ನೋಡ್ರಿ!"

ಅಜ್ಜ ಜಗುಲಿಯ ಮೇಲಿಂದ ಎಲ್ಲವನ್ನೂ ನೋಡುತ್ತಲೇ ಇದ್ದರು. ಇಳಿದು ಬಂದು ಕಾರಿನ ಮೇಲೆ ಕೈಯಿಟ್ಟರು.

"ನಿಂತಾಗ ಯಾಕ ಇಷ್ಟ ಒದರತೈತಿ ಇದು?"

"ಒದರ್ಲಿ ಬಿಡ್ರಿ. ನಡಗಂಗಿಲ್ಲಲ್ಲ!"

ಅಜ್ಜ ಅವನ ಕೈಯಿಂದ ಸ್ಕ್ರೂಡ್ರೈವರ್ ಈಸಿಕೊಂಡರು. ಸ್ಕ್ರೂ ಮೊದಲು ಎಲ್ಲಿತ್ತೋ ಅಲ್ಲಿಗೇ ತಿರುವಿಟ್ಟರು. ಕಾರು ಮತ್ತೆ ಗಡಗಡ ಶುರು ಮಾಡಿತು.

ಶಿವಪುತ್ರನಿಗೆ ಕಾರನ್ನೂ ಸ್ಕ್ರೂಡ್ರೈವರನ್ನೂ ಒಟ್ಟಿಗೆ ಹೊಳೆಗೆ ನೂಕಬೇಕೆನಿಸಿತು. ಅಜ್ಜನ ಬಗ್ಗೆ ಏನನಿಸಿತೋ ಅದನ್ನು ಇಲ್ಲಿ ಬರೆಯುವುದು ಬೇಡ.

"ಮಾಡಿಟ್ಟಿದ್ದನ್ನ ಯಾಕ ಕೆಡಸಿದ್ರಿ?"

"ಒಳಗ ಕುಂದ್ರು."

ಶಿವಪುತ್ರ ಸ್ಟೇರಿಂಗ್ ಹಿಂದೆ ಧೊಪ್ಪನೆ ಕೂತ. ಅಜ್ಜ ಪಕ್ಕದ ಸೀಟಿಗೆ ಬಂದು ಕೂತರು.

"ಈಗೇನ್ ಮಾಡ್ಲಿ?"

"ಏನೂ ಮಾಡಬ್ಯಾಡ. ಕೈ ತೊಡಿ ಮ್ಯಾಲ ಇಟ್ಕೊ."

ಸೀಟು ನಡುಗಿತು, ಬಾಗಿಲು ನಡುಗಿತು, ಶಿವಪುತ್ರನ ಹಲ್ಲುಗಳೂ ನಡುಗಿದವು. ಅಜ್ಜ ಮಾತ್ರ ಕಣ್ಣು ಮುಚ್ಚಿ ತೂಗುಮಂಚದ ಮೇಲಿದ್ದವರ ಹಾಗೆ ಆರಾಮಾಗಿದ್ದರು. ಅದನ್ನು ನೋಡಿ ಅವನಿಗೆ ಇನ್ನಷ್ಟು ಮೈ ಉರಿಯಿತು.

ಅವನ ಕಾಲು ತಾನಾಗಿಯೇ ಆಕ್ಸಿಲರೇಟರ್ ಕಡೆಗೆ ಹೋಯಿತು.

"ಕಾಲು," ಎಂದರು ಅಜ್ಜ, ಕಣ್ಣು ತೆರೆಯದೆ.

ಕಾಲು ಹಿಂದೆ ತೆಗೆದ. ಸ್ವಲ್ಪ ಹೊತ್ತಿಗೆ ಇಂಜಿನ್ ಆರಿಸಲು ಕೈ ಕೀಲಿಯ ಕಡೆ ಸರಿಯಿತು.

"ಕೈ."

ಅಷ್ಟೇ. ತಡೆದುಕೊಂಡಿದ್ದೆಲ್ಲ ಸಿಡಿಯಿತು.

"ನೀವೂ ನಮ್ಮಣ್ಣನಂಗ ಆದ್ರಿ! ಏನ್ ಮಾಡಿದ್ರೂ ಸರಿ ಇಲ್ಲ, ಸರಿ ಇಲ್ಲ! ಅವನ ಗ್ಯಾರೇಜಿನ್ಯಾಗ ಕತ್ತೆ ದುಡದಂಗ ದುಡದೀನಿ. ಒಂದು ಜೀಪು ಹಿಂಗ ನಡಗತಿತ್ತು. ಹಿಂಗ ಸ್ಕ್ರೂ ತಿರುವಿ ಕೊಟ್ಟೆ. ಗಿರಾಕಿ ಮುಂದನ ಕಪಾಳಕ್ಕ ಹೊಡದಾನ್ರಿ ಅಣ್ಣ! ಅವತ್ತ ಎದ್ದು ಬಂದಾಂವ, ಇನ್ನೂ ತನಕ ಅವನ ಮಾರಿ ನೋಡಿಲ್ಲ. ಅವನ ಮಗಳ ಲಗ್ನಕ್ಕೂ ಹೋಗ್ಲಿಲ್ಲ. ಆ ಹುಡುಗೀನ ಹೆಗಲ ಮ್ಯಾಲ ಹೊತ್ತು ತಿರುಗೀನ್ರಿ ನಾನು!"



ಶಿವಪುತ್ರ ತೋಳಿನಿಂದ ಕಣ್ಣೊರೆಸಿಕೊಂಡ. ಕೈ ಮತ್ತೆ ತೊಡೆಯ ಮೇಲೆ ಬಂದು ಬಿತ್ತು. ಆಮೇಲೆ ಅವನು ಬಹಳ ಹೊತ್ತು ಹಾಗೇ ಕೂತಿದ್ದ. ಆಶ್ರಮಕ್ಕೆ ಬಂದ ಮೇಲೆ ಅವನು ಹಾಗೆ ಕೂತದ್ದು ಅದೇ ಮೊದಲು.

ಆಗ ಕೇಳಿಸಿತು. ಗಡಗಡದ ಅಡಿಯಲ್ಲಿ, ತೆಳ್ಳಗೆ, ಸುಯ್ಯೆಂದು ಗಾಳಿ ಒಳಗೆ ಎಳೆದುಕೊಳ್ಳುವ ಸದ್ದು.

"ಅಜ್ಜಾರ, ತಡೀರಿ..."

ಇಳಿದು ಇಂಜಿನ್ ಮೇಲೆ ಬಗ್ಗಿದ. ಸದ್ದಿನ ಹಿಂದೆಯೇ ಕಿವಿ ಕೊಟ್ಟು ಹೋದ. ಕಾರ್ಬ್ಯುರೇಟರಿನ ಕೆಳಗಿಂದ ಹೊರಟ ಒಂದು ರಬ್ಬರ್ ಪೈಪು. ಅದರ ಅಡಿಭಾಗದಲ್ಲಿ, ಕಣ್ಣಿಗೆ ಬೀಳದ ಕಡೆ, ಕೂದಲೆಳೆಯಷ್ಟು ಸೀಳು. ಅದರ ಮೇಲೆ ಬೆರಳೊತ್ತಿ ಹಿಡಿದ. ಕಾರು ನಡುಗುವುದನ್ನು ನಿಲ್ಲಿಸಿತು. ಬೆರಳು ತೆಗೆದ, ಮತ್ತೆ ನಡುಗಿತು.

ಓಡುವ ಇಂಜಿನ್ ಬೇಕಾದಷ್ಟು ಗಾಳಿ ಎಳೆಯುತ್ತದೆ, ಇಷ್ಟು ಚೂರು ಕಳ್ಳಗಾಳಿ ಅದಕ್ಕೆ ಗೊತ್ತೇ ಆಗುವುದಿಲ್ಲ. ನಿಂತಾಗ ಎಳೆಯುವುದೇ ಸ್ವಲ್ಪ. ಆಗ ಇದೂ ನುಗ್ಗಿದರೆ ಉಸಿರು ತಪ್ಪುತ್ತದೆ. ಶಿವಪುತ್ರನಿಗೆ ಇದು ಗೊತ್ತಿಲ್ಲದ್ದೇನಲ್ಲ. ಅಣ್ಣನೇ ಹೇಳಿಕೊಟ್ಟಿದ್ದ.

ಮಧ್ಯಾಹ್ನದೊಳಗೆ ಹೊಸ ಪೈಪು ಹಾಕಿದ. ಇಂಜಿನ್ ಚಾಲೂ ಇದೆಯೋ ಇಲ್ಲವೋ ಎಂದು ಬಗ್ಗಿ ಕೇಳಬೇಕು, ಅಷ್ಟು ಮೆತ್ತಗೆ ನಿಂತಿತ್ತು ಕಾರು.

"ನಿಂತಿತ್ರಿ ಅಜ್ಜಾರ! ಈಗರೆ ದೀಕ್ಷಾ ಕೊಡ್ತೀರೊ ಇಲ್ಲೊ?"

"ಕೊಡ್ತೀನಿ ಅಂದೀನಲ್ಲ. ಕೊಡ್ತೀನಿ."

"ಯಾವಾಗ್ರಿ ಮತ್ತ?"

ಅಜ್ಜ ಶಾಲು ಹೊದ್ದು ಬಂದರು. ಮುಂದಿನ ಸೀಟಿನಲ್ಲಿ ಕೂತು ಬಾಗಿಲು ಎಳೆದುಕೊಂಡರು.

"ಹೊಳಿ ದಾಟಿದ ಮ್ಯಾಲ, ನಿಮ್ಮಣ್ಣನ ಊರಿಗೆ ಎಡಕ್ಕ ಹೊಳ್ಳಬೇಕೊ, ಬಲಕ್ಕೊ?"